ಲೈಟ್ ಇತ್ತು ಸಾರ್, ಆದ್ರೂ ಕಾಣ್ಲಿಲ್ಲ ಅಂದ್ಬಿಟ್ರು

ಹೋದ ಸಂಚಿಕೆಲಿ "ಚಳಿಗಾಲದಲ್ಲಿ ಸೈಕಲ್ ತುಳಿಯೋರು ನಿಮ್ಮ ಕಷ್ಟ ಬರೀರಿ" ಅಂತ ಕೊನೇಲಿ ಒಂದು ಸಾಲು ಹಾಕಿದ್ದೆ ಅಷ್ಟೇ. ಬಂದ ಪತ್ರ ನೋಡಿದ್ರೆ ಚಳಿ ಬಗ್ಗೆ ಗೊಣಗಿದವರು ಕಮ್ಮಿ, ಕತ್ತಲೆ ಬಗ್ಗೆ ಬರೆದವರೇ ಜಾಸ್ತಿ. ಹೋಗುವಾಗ್ಲೂ ಕತ್ತಲು ಬರುವಾಗ್ಲೂ ಕತ್ತಲು, ಮಧ್ಯ ಸ್ವಲ್ಪ ಬೆಳಕು ಅಂದ್ರೆ ಅದಕ್ಕೂ ಮಂಜು. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರ್ದಿದೀನಿ, ಕೆಲವಕ್ಕೆ ಉದ್ದ ಆಗಿದೆ, ಕೆಲವಕ್ಕೆ ಎರಡೇ ಸಾಲು, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ಕಣ್ಣು ಕುಕ್ಕೋ ಹಳದಿ ಹಸಿರು ಜಾಕೆಟ್ ತಗೊಂಡೆ, ದಿನಾ ಅದನ್ನೇ ಹಾಕ್ಕೊಂಡು ಹೋಗ್ತೀನಿ. ಆದ್ರೂ ಮೊನ್ನೆ ಸಂಜೆ ಏಳು ಗಂಟೆಗೆ ಒಂದು ಕಾರು ಹಿಂದಿನಿಂದ ಹತ್ರಕ್ಕೆ ಬಂದು ಕಿರ್ರ್ ಅಂತ ಬ್ರೇಕ್ ಹಾಕ್ತು, ಇಳಿದವರು ಹೇಳಿದ್ದು ಒಂದೇ ಮಾತು, "ನೀವು ಕಾಣ್ಲೇ ಇಲ್ಲ". ಸುಳ್ಳು ಹೇಳ್ತಿದಾರಾ?

ಉತ್ತರ: ಸುಳ್ಳು ಹೇಳ್ತಿಲ್ಲ ಅಂತ ನಂಗನ್ಸುತ್ತೆ, ಯಾಕಂದ್ರೆ ನಿಮ್ಮ ಜಾಕೆಟ್ ಸಂಜೆ ಏಳಕ್ಕೆ ಡ್ಯೂಟಿ ಮುಗಿಸಿ ಮಲಗಿಬಿಟ್ಟಿರುತ್ತೆ. ಆ ಕಣ್ಣು ಕುಕ್ಕೋ ಬಣ್ಣಕ್ಕೆ ಫ್ಲೋರೆಸೆಂಟ್ ಅಂತಾರೆ. ಸೂರ್ಯನ ಬೆಳಕಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತಲ್ಲ, ಅದನ್ನ ಹೀರ್ಕೊಂಡು ಕಾಣೋ ಬೆಳಕಾಗಿ ವಾಪಸ್ ಕೊಡುತ್ತೆ, ಅದಕ್ಕೇ ಬಟ್ಟೆನೇ ಉರೀತಿದೆಯೇನೋ ಅನ್ಸೋದು. ಮೋಡ ಕವಿದ ಹಗಲಲ್ಲಿ, ಮುಸ್ಸಂಜೆಲಿ, ಬೆಳಗಿನ ಮಬ್ಬಲ್ಲಿ ಇದಕ್ಕೆ ಸಾಟಿ ಇಲ್ಲ. ಆದ್ರೆ ಕತ್ತಲಾದ್ಮೇಲೆ ಕಾರಿನ ಹೆಡ್‌ಲೈಟಲ್ಲಿ ಆ ಕಿರಣ ಇಲ್ಲ ಅನ್ನೋಷ್ಟು ಕಮ್ಮಿ, ಹಂಗಾಗಿ ಅದು ಬರೀ ಒಂದು ತಿಳಿ ಬಣ್ಣದ ಬಟ್ಟೆ. ಹಳೇ ಹಳದಿ ಸೋಡಿಯಂ ಬೀದಿದೀಪದ ಕೆಳಗಂತೂ ಮಾಸಿದ ಬನಿಯನ್ ಇದ್ದ ಹಾಗೆ.

ರಾತ್ರಿ ಕೆಲಸ ಮಾಡೋದು ಬೆಳ್ಳಿ ಬಣ್ಣದ ಪಟ್ಟಿ, ನಮ್ಮ ಬಾಯಲ್ಲಿ ರೇಡಿಯಂ. (ಅದ್ರಲ್ಲಿ ರೇಡಿಯಂ ಏನೂ ಇಲ್ಲ, ಭಯ ಬೇಡ. ಸಣ್ಣ ಗಾಜಿನ ಮಣಿಗಳೋ ಪುಟ್ಟ ಪುಟ್ಟ ಪ್ರಿಸಮ್‌ಗಳೋ ಇರ್ತವೆ, ಬಿದ್ದ ಬೆಳಕನ್ನ ಬಂದ ದಾರಿಗೇ ವಾಪಸ್ ಕಳಿಸ್ತವೆ.) ಬಂದ ದಾರಿಗೇ ಅನ್ನೋದನ್ನ ಗಮನಿಸಿ. ಮನೆಲಿ ಒಂದು ಪರೀಕ್ಷೆ ಮಾಡಿ ನೋಡಿ: ಲೈಟ್ ಆಫ್ ಮಾಡಿ, ಜಾಕೆಟ್‌ನ ರೂಮಿನ ಆ ತುದಿಗೆ ನೇತು ಹಾಕಿ, ಮೊಬೈಲ್ ಟಾರ್ಚನ್ನ ಕಣ್ಣಿನ ಪಕ್ಕದಲ್ಲೇ ಹಿಡ್ಕೊಂಡು ಬಿಡಿ, ಪಟ್ಟಿ ಧಗ್ ಅಂತ ಹೊಳೆಯುತ್ತೆ. ಈಗ ಟಾರ್ಚ್ ಹಿಡಿದ ಕೈನ ಪೂರ್ತಿ ಚಾಚಿ ಅಲ್ಲಿಂದ ಬಿಡಿ, ಹೊಳಪು ಸತ್ತೋಗುತ್ತೆ. ಇದ್ರಿಂದ ಎರಡು ವಿಷಯ ಗೊತ್ತಾಗುತ್ತೆ. ಲಾರಿ ಡ್ರೈವರ್ ಕೂರೋದು ಹೆಡ್‌ಲೈಟಿಗಿಂತ ತುಂಬಾ ಮೇಲೆ, ಅವರಿಗೆ ನಿಮ್ಮ ಪಟ್ಟಿ ಕಾರಿನವರಿಗೆ ಕಂಡಷ್ಟು ಕಾಣಲ್ಲ. ಇನ್ನೊಂದು, ಅಡ್ಡರಸ್ತೆಯಿಂದ ಬಂದು ತಿರುಗೋ ಗಾಡಿಯ ಹೆಡ್‌ಲೈಟ್ ನಿಮ್ಮ ಮೇಲೆ ಬೀಳೋದೇ ಕೊನೇ ಗಳಿಗೆಲಿ, ಅಲ್ಲಿವರೆಗೂ ಪಟ್ಟಿ ಇದ್ರೂ ಇಲ್ಲದ ಹಾಗೆ. ಹಂಗಾಗಿ ಪಟ್ಟಿ ಇದೆ ಅಂತ ಲೈಟ್ ಬಿಡೋ ಹಾಗಿಲ್ಲ.

ಇನ್ನೂ ಒಂದು ಸಂಗತಿ ಇದೆ, ಇದು ನಂಗೆ ತುಂಬಾ ಇಷ್ಟದ್ದು. ಕಾಣೋದು ಬೇರೆ, ಏನು ಅಂತ ಗೊತ್ತಾಗೋದು ಬೇರೆ. ಕತ್ತಲಲ್ಲಿ ದೂರದಲ್ಲೊಂದು ಹೊಳೆಯೋ ಚುಕ್ಕೆ ಕಂಡ್ರೆ ಅದು ಕಂಬದ ಮೇಲಿನ ಸ್ಟಿಕ್ಕರ್ರೋ, ಗೇಟೋ, ಮನುಷ್ಯನೋ, ಡ್ರೈವರಿಗೆ ಏನ್ ಗೊತ್ತು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಜನರ ಮಂಡಿ, ಪಾದದ ಗಂಟು, ಮೊಣಕೈ ಈ ತರ ಕೀಲುಗಳಲ್ಲಿ ಮಾತ್ರ ಹೊಳೆಯೋ ಚುಕ್ಕೆ ಇಟ್ಟು ಬೇರೆಲ್ಲಾ ಕತ್ತಲು ಮಾಡಿ ತೋರಿಸಿದ್ರೆ, ನಿಂತಿದ್ದಾಗ ಬರೀ ಚುಕ್ಕೆಗಳು, ಒಂದು ಹೆಜ್ಜೆ ಇಟ್ರೋ ಇಲ್ವೋ ನೋಡೋರಿಗೆ ತಕ್ಷಣ "ಓ ಮನುಷ್ಯ" ಅಂತ ಗೊತ್ತಾಗ್ತಿತ್ತು. ನಮ್ಮ ಮೆದುಳಿಗೆ ಆ ಚಲನೆ ಅಷ್ಟು ಪರಿಚಯ. ಸೈಕಲ್ ತುಳಿಯುವಾಗ ಪಾದ ಮೇಲೆ ಕೆಳಗೆ ಆಡುತ್ತಲ್ಲ, ಆ ಜಾಗಕ್ಕೆ ಒಂದು ರೇಡಿಯಂ ಪಟ್ಟಿ ಕಟ್ಟಿದ್ರೆ ಅದೇ ಕೆಲಸ ಆಗುತ್ತೆ. ಜೊತೆಗೆ ಲೋ ಬೀಮ್ (ಹೆಡ್‌ಲೈಟ್ ತಗ್ಗಿಸಿ ಬಿಡೋದು) ಬೆಳಕು ನೆಲದ ಹತ್ರಾನೇ ಜಾಸ್ತಿ ಬೀಳೋದ್ರಿಂದ ಎದೆ ಮೇಲಿನ ಪಟ್ಟಿಗಿಂತ ಕಾಲಿನ ಪಟ್ಟಿಗೆ ಬೆಳಕು ಮೊದಲು ಸಿಗುತ್ತೆ.

ಆಸ್ಟ್ರೇಲಿಯಾದ ಸಂಶೋಧಕರು ಬೇರೆ ವಾಹನ ಬಿಡದ ರಸ್ತೆಲಿ ರಾತ್ರಿ ಡ್ರೈವರ್‌ಗಳನ್ನ ಕೂರಿಸಿ ಇದನ್ನೇ ಅಳೆದ್ರು, 2012ರಲ್ಲಿ ಪ್ರಕಟ ಆಯ್ತು. ಕಪ್ಪು ಬಟ್ಟೆ ಸೈಕಲಿಗರನ್ನ ಗುರುತಿಸಿದ್ದು 2 ಶೇಕಡಾ ಸಲ, ಬರೀ ಫ್ಲೋರೆಸೆಂಟ್ ಜಾಕೆಟ್ ಆದ್ರೆ 15, ಬೆಳ್ಳಿ ಪಟ್ಟಿ ಇರೋ ಜಾಕೆಟ್ ಆದ್ರೆ 50, ಅದೇ ಜಾಕೆಟ್ ಜೊತೆ ಮಂಡಿಗೂ ಪಾದದ ಗಂಟಿಗೂ ಪಟ್ಟಿ ಕಟ್ಟಿದ್ರೆ 90. ಈಗ ಹೇಳಿ, ನಿಮ್ಮದು 15ರ ಜಾಕೆಟ್ಟಾ 50ರದ್ದಾ? ಯಾವುದಾದ್ರೂ ಸರಿ, ಬಿಸಾಕಬೇಡಿ, ಹಗಲಿಗೆ ಬೇಕು. ಎರಡು ಕಾಲಿಗೂ ಪಟ್ಟಿ ಕಟ್ಕೊಳ್ಳಿ, ಪ್ಯಾಂಟ್ ಚೈನಿಗೆ ಸಿಕ್ಕಾಕೊಳ್ಳೋದೂ ತಪ್ಪುತ್ತೆ.

ಪ್ರಶ್ನೆ: ನಮ್ಮೆಜಮಾನ್ರು ರಾತ್ರಿ ಪಾಳಿ ಮುಗಿಸಿ ಸೈಕಲಲ್ಲೇ ಬರ್ತಾರೆ, ಲೈಟ್ ಹಾಕ್ಸಿ ಅಂದ್ರೆ "ಬೀದಿದೀಪ ಇದೆಯಲ್ಲೇ, ನಂಗೆ ರಸ್ತೆ ಚೆನ್ನಾಗೇ ಕಾಣುತ್ತೆ" ಅಂತಾರೆ. ನೀವಾದ್ರೂ ಹೇಳಿ ಅಣ್ಣ.

ಉತ್ತರ: ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದು ಯಾರಿಗೂ ಕಾಣ್ಸಲ್ಲ ಅಂದ್ಕೊಳ್ಳುತ್ತಂತೆ. ನಿಮ್ಮೆಜಮಾನ್ರದ್ದು ಅದರ ಉಲ್ಟಾ ಕೇಸು ತಾಯಿ, ನನ್ನ ಕಣ್ಣು ತೆರೆದಿದೆ, ಹಂಗಾಗಿ ನಾನು ಎಲ್ಲರಿಗೂ ಕಾಣ್ತೀನಿ ಅಂತ. ಅವರೊಬ್ಬರೇ ಅಲ್ಲ ಬಿಡಿ, ಕತ್ತಲಲ್ಲಿ ತಾನು ಎಷ್ಟು ಕಾಣ್ತೀನಿ ಅನ್ನೋದನ್ನ ಸೈಕಲಿಗರು ಜಾಸ್ತಿನೇ ಅಂದಾಜು ಮಾಡ್ತಾರೆ ಅಂತ ಸಂಶೋಧನೆಲೂ ಕಂಡಿದೆ.

ಲೆಕ್ಕ ಹೇಳ್ತೀನಿ, ಅವರಿಗೆ ಓದಿ ಹೇಳಿ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಡ್ರೈವರ್ ನೋಡಿ, ಅರ್ಥ ಮಾಡ್ಕೊಂಡು, ಕಾಲು ಬ್ರೇಕಿಗೆ ಹೋಗೋ ಹೊತ್ತಿಗೆ ಒಂದೂವರೆ ಸೆಕೆಂಡ್ ಅಂತ ಇಟ್ಕೊಳ್ಳಿ, ಅಷ್ಟರಲ್ಲೇ 25 ಮೀಟರ್ ಮುಗೀತು, ಇನ್ನೂ ಬ್ರೇಕೇ ಹಿಡಿದಿಲ್ಲ. ಒಣ ರಸ್ತೆಲಿ ಆಮೇಲೆ ನಿಲ್ಲೋಕೆ ಇನ್ನೊಂದು 20 ಮೀಟರ್ ಬೇಕು. ಒಟ್ಟು 45. ರಸ್ತೆ ಒದ್ದೆ ಇದ್ರೆ 60 ಮುಟ್ಟುತ್ತೆ. ಗಾಢ ಬಣ್ಣದ ಬಟ್ಟೆ ಹಾಕಿದವರು ಲೋ ಬೀಮಲ್ಲಿ ಕಾಣೋಕೆ ಶುರು ಆಗೋದು 25ರಿಂದ 50 ಮೀಟರ್ ಹತ್ರ ಬಂದ್ಮೇಲೆ. ಒಳ್ಳೆ ರಿಫ್ಲೆಕ್ಟರ್ ಇದ್ರೆ 125 ಮೀಟರ್ ದೂರದಿಂದಾನೇ ಕಾಣ್ತಾರೆ, ಉರಿಯೋ ಟೈಲ್ ಲೈಟ್ ಇದ್ರೆ ಇನ್ನೂ ದೂರದಿಂದ. ರಸ್ತೆ ನಿಮಗೆ ಕಾಣೋಕೆ ಬೀದಿದೀಪ ಸಾಕು, ಒಪ್ಪಿದೆ. ಲೈಟ್ ಇರೋದು ಹಿಂದಿನವನಿಗೋಸ್ಕರ.

ಇಷ್ಟು ಹೇಳಿದ್ರೂ ಕೇಳ್ಲಿಲ್ಲ ಅಂದ್ರೆ, ಒಂದಿನ ರಾತ್ರಿ ಅವರನ್ನ ಗೇಟಲ್ಲಿ ನಿಲ್ಲಿಸಿ ಅವರ ಸೈಕಲನ್ನ ಬೇರೆ ಯಾರಾದ್ರೂ ರಸ್ತೆ ಆ ತುದಿಯಿಂದ ತುಳ್ಕೊಂಡು ಬರ್ಲಿ. ಮಾತಿಗಿಂತ ಅದು ಬೇಗ ನಾಟುತ್ತೆ.

ಪ್ರಶ್ನೆ: ಫ್ರೆಂಡ್ ಮಾತು ಕೇಳಿ 1,200 ಲ್ಯೂಮೆನ್ ಹೆಡ್‌ಲೈಟ್ ತಗೊಂಡೆ, ಈಗ ಎದುರಿನವರೆಲ್ಲ ಬೈಕೊಂಡು ಹೋಗ್ತಾರೆ. ಹಿಂದೆ ರಿಫ್ಲೆಕ್ಟರ್ ಮಾತ್ರ ಇದೆ. ಬ್ಲಿಂಕ್ ಮಾಡ್ಬೇಕಾ ಸ್ಟೆಡಿ ಇಡ್ಬೇಕಾ?

ಉತ್ತರ: ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅನ್ನೋದು ಇದಕ್ಕೇ ತಮ್ಮಾ. ಮೊದ್ಲು ಹಿಂದಕ್ಕೊಂದು ಕೆಂಪು ಲೈಟ್ ಹಾಕು, ಆಮೇಲೆ ಮಿಕ್ಕಿದ್ದು ಮಾತಾಡೋಣ.

ಲ್ಯೂಮೆನ್ ಅಂದ್ರೆ ಲೈಟಿಂದ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತೆ ಅಂತ, ಅದು ಎಲ್ಲಿಗೆ ಬೀಳುತ್ತೆ ಅಂತ ಅದ್ರಲ್ಲಿ ಗೊತ್ತಾಗಲ್ಲ. ಟಾರ್ಚ್ ತರದ ದುಂಡು ಬೆಳಕಿನ ಲೈಟು ಅರ್ಧಕ್ಕರ್ಧ ಬೆಳಕನ್ನ ಆಕಾಶಕ್ಕೂ ಎದುರಿನವರ ಕಣ್ಣಿಗೂ ಹಾಕಿ ದಂಡ ಮಾಡುತ್ತೆ. ಮೇಲ್ಭಾಗ ಕತ್ತರಿಸಿದ ಹಾಗೆ ಬೆಳಕು ಬೀಳೋ ಲೈಟುಗಳು ಬರ್ತವೆ, ಕಾರಿನ ಲೋ ಬೀಮ್ ತರ, ಜರ್ಮನಿಲಿ ಸೈಕಲ್ಲಿಗೆ ಇಂತದ್ದೇ ಇರ್ಬೇಕು ಅಂತ ನಿಯಮಾನೇ ಇದೆ. ಬೀದಿದೀಪ ಇರೋ ಕಡೆ ಬೇರೆಯವರಿಗೆ ಕಾಣೋಕೆ 50ರಿಂದ 100 ಲ್ಯೂಮೆನ್ ಸಾಕು, ಅಲ್ಲಲ್ಲಿ ಕತ್ತಲು ಇದ್ರೆ 200-400, ಪೂರ್ತಿ ಕಗ್ಗತ್ತಲ ರಸ್ತೆಲಿ ಮಾತ್ರ 600 ದಾಟೋದಕ್ಕೆ ಅರ್ಥ ಇದೆ.

ನಿನ್ನ ಹತ್ರ ಇರೋದನ್ನೇ ಸರಿಯಾಗಿ ಕೂರಿಸು. ಗೋಡೆಯಿಂದ 5 ಮೀಟರ್ ದೂರದಲ್ಲಿ ಸೈಕಲ್ ನಿಲ್ಸು, ಬೆಳಕಿನ ನಡು ಭಾಗ ಲೈಟ್ ಇರೋ ಎತ್ತರದ ಅರ್ಧಕ್ಕೆ ಬೀಳೋ ಹಾಗೆ ಬಗ್ಗಿಸು. ಹಂಗೆ ಮಾಡಿದ್ರೆ ರಸ್ತೆಲಿ 10 ಮೀಟರ್ ಮುಂದೆ ನೆಲಕ್ಕೆ ತಾಗುತ್ತೆ, ಗುಂಡಿನೂ ಕಾಣುತ್ತೆ, ಬೈಗಳೂ ತಪ್ಪುತ್ತೆ. ಕಣ್ಣು ಕುಕ್ಕಿಸ್ಕೊಂಡ ಡ್ರೈವರಿಗೆ ನೀನೂ ಕಾಣಲ್ಲ, ನಿನ್ನ ಹಿಂದೆ ಬರ್ತಿರೋ ಇನ್ನೊಬ್ಬನೂ ಕಾಣಲ್ಲ, ಜಾಸ್ತಿ ಬೆಳಕು ಅಂದ್ರೆ ಜಾಸ್ತಿ ಸೇಫ್ ಅಂತೇನಿಲ್ಲ.

ಬ್ಲಿಂಕ್ ವಿಷಯ. ಮಿಣುಕೋದು ಗಮನ ಸೆಳೆಯುತ್ತೆ, ಆದ್ರೆ ಅದು ಎಷ್ಟು ದೂರ ಇದೆ, ಎಷ್ಟು ಜೋರಾಗಿ ಬರ್ತಿದೆ ಅಂತ ಅಂದಾಜು ಸಿಗೋದು ಕಷ್ಟ. ಸ್ಟೆಡಿ ಲೈಟ್ ಆದ್ರೆ ದೂರ ಗೊತ್ತಾಗುತ್ತೆ, ಗಮನ ಕಮ್ಮಿ ಸೆಳೆಯುತ್ತೆ. ಕಾನೂನುಗಳೂ ಒಂದೇ ತರ ಇಲ್ಲ, ಬ್ರಿಟನ್ನಲ್ಲಿ ನಿಮಿಷಕ್ಕೆ 60ರಿಂದ 240 ಸಲ ಮಿಣುಕೋದಕ್ಕೆ ಒಪ್ಪಿಗೆ ಇದೆ, ಜರ್ಮನಿಲಿ ಸೈಕಲ್ ಲೈಟ್ ಮಿಣುಕೋ ಹಾಗೇ ಇಲ್ಲ. ನಾನು ಮಾಡೋದು ಹೇಳ್ತೀನಿ: ಮುಂದೆ ಸ್ಟೆಡಿ, ಹಿಂದೆ ಎರಡು, ಒಂದು ಸ್ಟೆಡಿ ಒಂದು ನಿಧಾನಕ್ಕೆ ಮಿಣುಕೋದು. ಒಂದು ಕೈ ಕೊಟ್ರೂ ಇನ್ನೊಂದಿರುತ್ತೆ. ಪಟಪಟ ಅಂತ ಹುಚ್ಚು ಹಿಡಿದ ಹಾಗೆ ಮಿಣುಕೋ ಮೋಡ್ ಇರುತ್ತಲ್ಲ, ಅದನ್ನ ಯಾರ್ ಕಂಡುಹಿಡಿದ್ರೋ, ದಯವಿಟ್ಟು ಬೇಡ.

ಪ್ರಶ್ನೆ: ಮುಂದೆನೂ ಕೆಂಪು ಲೈಟ್ ಹಾಕಿದ್ರೆ ಸ್ಟೈಲಾಗಿರುತ್ತೆ, ಹಾಕ್ಬೋದಾ?

ಉತ್ತರ: ಬೇಡ. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ಅಂತ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದಲ್ಲೇ ಇದೆ. ಕೆಂಪು ಕಂಡ್ರೆ ಡ್ರೈವರ್ ಮೆದುಳು "ನನ್ನ ದಿಕ್ಕಿಗೇ ಹೋಗ್ತಿದೆ" ಅಂತ ತೀರ್ಮಾನ ಮಾಡುತ್ತೆ, ನೀವು ಅವರ ಎದುರಿಗೆ ಬರ್ತಿರ್ತೀರ.

ಪ್ರಶ್ನೆ: ನನ್ನ ಕಥೆ ಬೇರೆ. ಬೆಳಿಗ್ಗೆ ಎಂಟು ಗಂಟೆ, ಫಳಫಳ ಬಿಸಿಲು, ಮೋಡ ಇಲ್ಲ ಮಂಜಿಲ್ಲ. ಎದುರಿಂದ ಬಂದ ಕಾರು ನನ್ನ ಮುಂದೇನೇ ಅಡ್ಡ ತಿರುಗಿಬಿಡ್ತು, ಹ್ಯಾಂಡಲ್ ತಿರುಗಿಸಿ ಬಚಾವಾದೆ. ಹಾಡಹಗಲಲ್ಲಿ ಕಾಣಲ್ವಾ?

ಉತ್ತರ: ಒಂದು ಪ್ರಶ್ನೆ ನಾನು ಕೇಳ್ತೀನಿ, ಆಗ ನಿಮ್ಮ ನೆರಳು ಎಲ್ಲಿತ್ತು? ಮುಂದಕ್ಕೆ ಉದ್ದಕ್ಕೆ ಬಿದ್ದಿತ್ತು ಅಂತ ನನ್ನ ಊಹೆ.

ಚಳಿಗಾಲದಲ್ಲಿ ಸೂರ್ಯ ಮೇಲೆ ಏರೋದೇ ಕಮ್ಮಿ, ಕಣ್ಣಿನ ಮಟ್ಟದಲ್ಲೇ ತುಂಬಾ ಹೊತ್ತು ಇರ್ತಾನೆ, ಅದೂ ಸರಿಯಾಗಿ ಜನ ಕೆಲಸಕ್ಕೆ ಹೊರಡೋ ಟೈಮಿಗೆ. ನಿಮ್ಮ ನೆರಳು ನಿಮ್ಮ ಮುಂದೆ ಬಿದ್ದಿದೆ ಅಂದ್ರೆ ಸೂರ್ಯ ನಿಮ್ಮ ಬೆನ್ನಿಗಿದಾನೆ, ಎದುರು ಬರೋರ ಕಣ್ಣಿಗೆ ನೇರ ಹೊಡೀತಿದಾನೆ. ನಿಮಗೆ ಇಡೀ ರಸ್ತೆ ಚಿತ್ರ ಬರೆದ ಹಾಗೆ ಕಾಣುತ್ತೆ, ಎದುರಿನವರಿಗೆ ನೀವು ಬೆಳಕಲ್ಲಿ ಕರಗಿದ ಒಂದು ಕಪ್ಪು ಗೆರೆ, ಅದೂ ಗಾಜು ಧೂಳು ಹಿಡಿದಿದ್ರೆ ಅದೂ ಇಲ್ಲ. ನೆರಳು ಹಿಂದಕ್ಕೆ ಬಿದ್ರೆ ಉಲ್ಟಾ, ನಿಮ್ಮ ಕಣ್ಣಿಗೂ ಬಿಸಿಲು, ನಿಮ್ಮ ಹಿಂದೆ ಬರ್ತಿರೋರ ಕಣ್ಣಿಗೂ ಬಿಸಿಲು, ಇದು ಇನ್ನೂ ಕೆಟ್ಟದ್ದು ಯಾಕಂದ್ರೆ ಅವರು ನಿಮಗೆ ಕಾಣ್ತಾನೂ ಇರಲ್ಲ. ನೆರಳು ಎತ್ತ ಬಿದ್ದಿದೆಯೋ ಅತ್ತ ಇರೋರಿಗೆ ನೀವು ಕಾಣ್ತಿಲ್ಲ ಅಂತ ನೆನಪಿಟ್ಕೊಂಡ್ರೆ ಸಾಕು. ನಾನು ಜಂಕ್ಷನ್ ಹತ್ರ ಬಂದಾಗ ಈಗ ಸಿಗ್ನಲ್ ನೋಡೋಕೆ ಮುಂಚೆ ನೆಲ ನೋಡ್ತೀನಿ, ಅಭ್ಯಾಸ ಆಗೋಗಿದೆ.

ಇನ್ನೊಂದು ಕಾರಣನೂ ಇರ್ಬೋದು. ಕಾರಿನ ಮುಂದಿನ ಗಾಜಿನ ಎರಡೂ ಪಕ್ಕ ಕಂಬ ಇರುತ್ತಲ್ಲ, ಒಬ್ಬ ಸೈಕಲಿಗ ಪೂರ್ತಿ ಅದರ ಹಿಂದೆ ಅಡಗಿಬಿಡ್ತಾನೆ, ಕಾರು ಸೈಕಲ್ ಎರಡೂ ಒಂದು ಲೆಕ್ಕದಲ್ಲಿ ಚಲಿಸ್ತಿದ್ರೆ ಸೆಕೆಂಡುಗಟ್ಟಲೆ ಅಡಗೇ ಇರ್ತಾನೆ. ಚಳಿಗಾಲದಲ್ಲಿ ಗಾಜಿನ ಒಳಗಡೆ ಹಬೆ ಕಟ್ಟಿರುತ್ತೆ, ಕೆಲವರು ಅಂಗೈಯಗಲ ಒರೆಸ್ಕೊಂಡು ಆ ಕಿಂಡಿಯಲ್ಲೇ ನೋಡ್ತಾ ಹೊರಡ್ತಾರೆ. ಅವರ ಮುಖ ನಿಮಗೆ ಕಾಣ್ತಿಲ್ಲ ಅಂದ್ರೆ ನೀವು ಅವರಿಗೆ ಕಂಡಿಲ್ಲ ಅಂತಾನೇ ಇಟ್ಕೊಳ್ಳಿ. ಹಗಲಲ್ಲೂ ಲೈಟ್ ಹಾಕಿ. ಡೆನ್ಮಾರ್ಕಿನ ಓಡೆನ್ಸೆ ಊರಲ್ಲಿ ಸುಮಾರು 3,800 ಸೈಕಲಿಗರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಾಲಿ ತಿರುಗಿದಷ್ಟು ಹೊತ್ತೂ, ಹಗಲು ರಾತ್ರಿ ಅನ್ನದೆ, ಉರಿಯೋ ಲೈಟ್ ಕೊಟ್ಟು ನೋಡಿದ್ರು, ಬೇರೆಯವರ ಜೊತೆ ಡಿಕ್ಕಿಯಾಗಿ ಗಾಯ ಆಗೋದು ಆ ಗುಂಪಲ್ಲಿ 19 ಶೇಕಡಾ ಕಮ್ಮಿ ಇತ್ತು.

ಪ್ರಶ್ನೆ: ದಟ್ಟ ಮಂಜಲ್ಲಿ ಹಳದಿ ಲೈಟ್ ಹಾಕಿದ್ರೆ ಮಂಜು ಸೀಳ್ಕೊಂಡು ಹೋಗುತ್ತೆ ಅಂತಾರೆ, ನಿಜಾನಾ?

ಉತ್ತರ: ಎಲ್ಲರೂ ಹೇಳ್ತಾರೆ, ನಾನೂ ತುಂಬಾ ವರ್ಷ ನಂಬಿದ್ದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವು, ಹಂಗಾಗಿ ಎಲ್ಲಾ ಬಣ್ಣನೂ ಹೆಚ್ಚುಕಮ್ಮಿ ಒಂದೇ ತರ ಚದುರಿಸ್ತವೆ, ಹಳದಿಗೆ ಅಂತ ರಿಯಾಯಿತಿ ಏನಿಲ್ಲ. ಮಂಜಲ್ಲಿ ಮುಖ್ಯ ಆಗೋದು ಬೆಳಕಿನ ದಿಕ್ಕು. ಲೈಟ್ ಕಣ್ಣಿನ ಹತ್ರ ಇದ್ರೆ, ಅಂದ್ರೆ ಹೆಲ್ಮೆಟ್ ಮೇಲಿದ್ರೆ, ಅಷ್ಟೂ ಬೆಳಕು ಹನಿಗೆ ಬಡಿದು ನಿಮ್ಮ ಮುಖಕ್ಕೇ ವಾಪಸ್, ಎದುರಿಗೆ ಬಿಳಿ ಗೋಡೆ. ಕೆಳಗೆ, ನೆಲದ ಕಡೆಗೆ, ಕಮ್ಮಿ ಬೆಳಕು ಇಡಿ. ಹಿಂದಿನದು ಜೋರಾಗಿರ್ಲಿ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ದಟ್ಟ ಮಂಜಲ್ಲಿ ಯಾವ ಲೈಟೂ ಭರವಸೆ ಕೊಡಲ್ಲ. ಕಿವಿಲಿ ಇಯರ್‌ಫೋನ್ ಇದ್ರೆ ತೆಗೀರಿ, ಟೋಪಿ ಕಿವಿ ಮುಚ್ಚಿದ್ರೆ ಸ್ವಲ್ಪ ಸರಿಸಿ, ಆವಾಗ ಕಣ್ಣಿಗಿಂತ ಕಿವಿ ಜಾಸ್ತಿ ಕೆಲಸ ಮಾಡುತ್ತೆ. ಜೋರು ಗಾಡಿಗಳು ಓಡಾಡೋ ರಸ್ತೆ ಆದ್ರೆ ಅರ್ಧ ಗಂಟೆ ತಡವಾಗಿ ಹೊರಡಿ, ಇಲ್ಲಾ ಒಳದಾರಿ ಹಿಡೀರಿ. ಕನ್ನಡಕ ಹಾಕೋರಿಗೆ ನಿಂತಾಗೆಲ್ಲ ಹಬೆ ಕಟ್ಟೋ ತಾಪತ್ರಯ ಬೇರೆ. ಬಾಯಿ ಮುಚ್ಚೋ ಹಾಗೆ ಸುತ್ತಿದ ಮಫ್ಲರ್ ಒಂದಿಂಚು ಕೆಳಗಿಳಿಸಿದ್ರೆ ಅರ್ಧ ಕಮ್ಮಿ ಆಗುತ್ತೆ, ಉಸಿರು ಮೇಲಕ್ಕೆ ಬರಲ್ಲ.

ಪ್ರಶ್ನೆ: ರಾತ್ರಿ ಫುಲ್ ಚಾರ್ಜ್ ಮಾಡಿದ ಲೈಟ್ ಚಳಿಗೆ ಅರ್ಧ ದಾರೀಲೇ ಕೈ ಕೊಡುತ್ತೆ.

ಉತ್ತರ: ಲಿಥಿಯಂ ಬ್ಯಾಟರಿಗೆ ಚಳಿ ಆಗಿಬರಲ್ಲ, ಒಳಗಿನ ರಾಸಾಯನಿಕ ಕ್ರಿಯೆ ನಿಧಾನ ಆಗಿ ಕೊಡೋ ಶಕ್ತಿ ಕಮ್ಮಿ ಆಗುತ್ತೆ, ಬೆಚ್ಚಗಾದ್ರೆ ಮತ್ತೆ ಸರಿಹೋಗುತ್ತೆ. ಸೈಕಲ್ ನಿಲ್ಸಿದ ಮೇಲೆ ಲೈಟ್ ಬಿಚ್ಚಿ ಒಳಗೆ ತಗೊಂಡೋಗಿ, ಅಥವಾ ಜೇಬಲ್ಲಿಟ್ಕೊಳ್ಳಿ, ಕಳ್ಳರ ಕಾಟನೂ ಇಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗಿರೋ ಜಾಗದಲ್ಲಿ ಮಾತ್ರ ಚಾರ್ಜಿಗೆ ಹಾಕ್ಬೇಡಿ, ಒಳಗೆ ಲಿಥಿಯಂ ಲೋಹದ ಪದರ ಕಟ್ಟಿ ಬ್ಯಾಟರಿ ಖಾಯಂ ಹಾಳಾಗುತ್ತೆ. ದಿನಾ ದೂರ ತುಳಿಯೋರಾದ್ರೆ ಗಾಲಿಯ ಹಬ್ ಒಳಗೇ (ಕಡ್ಡಿಗಳೆಲ್ಲಾ ಸೇರೋ ನಡು ಭಾಗ) ಇರೋ ಡೈನಮೊ ನೋಡಿ, 6 ವೋಲ್ಟ್ 3 ವಾಟ್ ಇರುತ್ತೆ, ಈಗಿನ ಎಲ್‌ಇಡಿಗೆ ಅಷ್ಟು ಧಾರಾಳ ಸಾಕು, ಚಾರ್ಜ್ ಅನ್ನೋ ಮಾತೇ ಇಲ್ಲ. ಹಳೇ ಕಾಲದ ಡೈನಮೊ ತರ ಟೈರಿಗೆ ಉಜ್ಜಿ ಕಾಲು ಸುಸ್ತು ಮಾಡಲ್ಲ, ನಿಂತಾಗ್ಲೂ ಸ್ವಲ್ಪ ಹೊತ್ತು ಉರಿಯೋ ಟೈಲ್ ಲೈಟುಗಳು ಇದಾವೆ.

ಪ್ರಶ್ನೆ: ಕೆಲಸದ ಮೇಲೆ ಹಿಮ ಬೀಳೋ ಊರಿಗೆ ಬಂದಿದೀನಿ ಸಾರ್. ಇಲ್ಲಿ ಜನ ಹಿಮದಲ್ಲೂ ಆರಾಮಾಗಿ ಸೈಕಲ್ ತುಳೀತಾರೆ, ನಾನು ಎರಡು ದಿನದಲ್ಲಿ ಮೂರು ಸಲ ಬಿದ್ದೆ. ಬಿಟ್ಬಿಡ್ಲಾ?

ಉತ್ತರ: ಬಿಡ್ಬೇಡಿ, ಟೈರ್ ಬದಲಾಯಿಸಿ. ಫಿನ್‌ಲ್ಯಾಂಡಿನ ಔಲು ಅನ್ನೋ ಊರು ಉತ್ತರ ಧ್ರುವ ವೃತ್ತದ ಹತ್ರಾನೇ ಇದೆ, ಅಲ್ಲಿ ಮಕ್ಕಳು ಚಳಿಗಾಲ ಪೂರ್ತಿ ಸ್ಕೂಲಿಗೆ ಸೈಕಲಲ್ಲಿ ಹೋಗ್ತಾರೆ, 2013ರಲ್ಲಿ ಮೊದಲ ಚಳಿಗಾಲದ ಸೈಕಲ್ ಸಮ್ಮೇಳನ ನಡೆದಿದ್ದೂ ಅಲ್ಲೇ. ಅವರಿಗೇನು ಮಂತ್ರ ಗೊತ್ತಿಲ್ಲ, ಸೈಕಲ್ ದಾರಿಯ ಹಿಮವನ್ನ ಹೊತ್ತಿಗೆ ಸರಿಯಾಗಿ ಬಳಿಯೋ ವ್ಯವಸ್ಥೆ ಇದೆ ಅಷ್ಟೇ.

ನಿಮ್ಮನ್ನ ಬೀಳಿಸ್ತಿರೋದು ಹಿಮ ಅಲ್ಲ, ಐಸು. ಹೊಸ ಹಿಮದಲ್ಲಿ ಟೈರಿಗೆ ಸ್ವಲ್ಪ ಹಿಡಿತ ಸಿಗುತ್ತೆ. ಹಗಲು ಕರಗಿ ರಾತ್ರಿ ಗಟ್ಟಿಯಾಗಿದ್ದು, ಮತ್ತೆ ಬಿಸಿಲಿಗೆ ಮೇಲ್ಮೈ ನೀರಾಗಿದ್ದು, ಅದು ಯಮ. ತೆಳು ಐಸ್ ಪದರ ಬರೀ ಒದ್ದೆ ಟಾರ್ ತರ ಕಾಣುತ್ತೆ, ಅದಕ್ಕೇ ಗೊತ್ತಾಗಲ್ಲ. ಸೇತುವೆ ಮೇಲೆ ಎಲ್ಲಕ್ಕಿಂತ ಮೊದಲು ಕಟ್ಟುತ್ತೆ, ಕೆಳಗಡೆನೂ ಚಳಿ ಗಾಳಿ, ನೆಲದ ಬಿಸಿ ಸಿಗಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಮೊಳೆ ಇರೋ ಟೈರ್ ಸಿಗ್ತವೆ, ಎರಡೂ ಗಾಲಿಗೆ ಹಾಕಿ, ಒಂದಕ್ಕೇ ಆಗೋದು ಅಂದ್ರೆ ಮುಂದಿನದಕ್ಕೆ. ಹಿಂದಿನ ಗಾಲಿ ಜಾರಿದ್ರೆ ಹೇಗೋ ಸಾವರಿಸ್ಕೋಬೋದು, ಮುಂದಿನದು ಜಾರಿದ್ರೆ ಏನಾಯ್ತು ಅಂತ ಗೊತ್ತಾಗೋದು ನೆಲದ ಮೇಲೆ ಬಿದ್ಮೇಲೇನೇ.

ಐಸ್ ಮೇಲೆ ಬಂದ್ಬಿಟ್ರೆ ಏನೂ ಮಾಡ್ಬೇಡಿ, ಅದೇ ಕಷ್ಟದ ಕೆಲಸ. ಬ್ರೇಕ್ ಹಿಡೀಬೇಡಿ, ಹ್ಯಾಂಡಲ್ ತಿರುಗಿಸ್ಬೇಡಿ, ವಾಲಬೇಡಿ, ನೇರಕ್ಕೆ ಹೋಗಿ ಆ ಕಡೆ ಸೇರ್ಕೊಳ್ಳಿ. ಸೀಟ್ ಒಂಚೂರು ಇಳಿಸಿ, ಕಾಲು ನೆಲಕ್ಕೆ ಸಿಗೋ ಹಾಗೆ. ರಿಮ್‌ಗೆ ರಬ್ಬರ್ ಒತ್ತೋ ಬ್ರೇಕ್ ಆದ್ರೆ ಒದ್ದೆಲಿ ಮೊದಲ ಕೆಲವು ಸುತ್ತು ಬರೀ ನೀರು ಒರೆಸೋದ್ರಲ್ಲೇ ಹೋಗುತ್ತೆ, ಮುಂಚೆನೇ ಮೆಲ್ಲಗೆ ಹಿಡಿದು ಒರೆಸ್ಕೊಳ್ಳಿ. ಬೆರಳು ಮರಗಟ್ಟಿದ್ರೆ ಎಷ್ಟು ಒಳ್ಳೆ ಬ್ರೇಕ್ ಇದ್ದೂ ಪ್ರಯೋಜನ ಇಲ್ಲ, ಗ್ಲೌಸಿಗೆ ಜಿಪುಣತನ ಬೇಡ. ರಸ್ತೆಗೆ ಉಪ್ಪು ಹಾಕೋ ಊರಾದ್ರೆ ಚೈನ್ ತೊಳೆದು ಒಣಗಿಸಿ ಎಣ್ಣೆ ಬಿಡ್ತಾ ಇರಿ, ಇಲ್ಲಾಂದ್ರೆ ಬೇಸಿಗೆ ಹೊತ್ತಿಗೆ ತುಕ್ಕಿನ ಸರ ಆಗಿರುತ್ತೆ. ಕೆಸರು ನೀರು ಎರಚಿ ಲೈಟಿನ ಗಾಜು, ರಿಫ್ಲೆಕ್ಟರ್ ಎಲ್ಲಾ ಬೂದಿ ಬಣ್ಣ ಆಗಿರ್ತವೆ, ಹೊರಡುವಾಗ ಹೆಬ್ಬೆರಳಲ್ಲಿ ಒಂದ್ಸಲ ಒರೆಸಿ.

ಪ್ರಶ್ನೆ: ಅಂಚಲ್ಲಿ ಹೋಗೋದು ಸೇಫಾ, ಸ್ವಲ್ಪ ಒಳಗೆ ಬಂದು ಹೋಗೋದು ಸೇಫಾ? ಮನೇಲಿ ಎಲ್ಲಾ "ಅಂಚಲ್ಲೇ ಹೋಗು" ಅಂತಾರೆ.

ಉತ್ತರ: ತೀರಾ ಅಂಚು ಬೇಡ ತಂಗಿ. ಅಂಚಲ್ಲಿ ಒದ್ದೆ ಎಲೆ, ಜಲ್ಲಿ, ಗಾಜಿನ ಚೂರು, ಚರಂಡಿ ಮುಚ್ಚಳ ಎಲ್ಲಾ ಸೇರಿರುತ್ತೆ, ಅದನ್ನ ತಪ್ಪಿಸೋಕೆ ನೀನು ಪದೇ ಪದೇ ಹೊರಗೆ ವಾಲ್ತೀಯ, ಹಿಂದಿನವರಿಗೆ ಆ ವಾಲಾಟ ಗೊತ್ತಾಗಲ್ಲ. ಡ್ರೈವರ್‌ಗಳ ಕಣ್ಣು ಇರೋದೂ ರಸ್ತೆ ನಡುವೆ, ಅಂಚಿನ ಕತ್ತಲಲ್ಲಲ್ಲ. ಅಂಚಿಂದ ಸುಮಾರು ಒಂದು ಮೀಟರ್ ಒಳಗೆ ನೇರಕ್ಕೆ ಹೋಗು, ನಿಂತ ಕಾರುಗಳ ಪಕ್ಕ ಆದ್ರೆ ಬಾಗಿಲು ತೆಗೆದ್ರೂ ತಾಗದಷ್ಟು ದೂರ. ರಸ್ತೆ ತೀರಾ ಸಣ್ಣದಾಗಿ, ಪಕ್ಕದಲ್ಲಿ ದಾಟೋಕೆ ಜಾಗನೇ ಇಲ್ಲ ಅನ್ನೋ ಕಡೆ ಇನ್ನೂ ಒಳಗೆ ಬಾ, ನುಗ್ಗೋಕೆ ಹೋಗೋರು ಅಲ್ಲೇ ತಡೀತಾರೆ, ಹಾರ್ನ್ ಹೊಡೀಲಿ, ಹಾರ್ನ್ ಹೊಡೆದ್ರು ಅಂದ್ರೆ ಕಂಡಿದೀಯ ಅಂತಾಯ್ತಲ್ಲ. ಆದ್ರೆ ಸಿಗ್ನಲಲ್ಲಿ ನಿಂತ ಲಾರಿ, ಬಸ್ಸಿನ ಪಕ್ಕ ಸಂದೀಲಿ ಮುಂದೆ ನುಸುಳೋದು ಮಾತ್ರ ಯಾವತ್ತೂ ಬೇಡ. ಅದು ತಿರುಗೋ ಕಡೆ ಪಕ್ಕದಲ್ಲಿ ನೀನು ಎಷ್ಟು ಲೈಟ್ ಹಾಕ್ಕೊಂಡಿದ್ರೂ ಡ್ರೈವರ್ ಕನ್ನಡಿಲಿ ಬರಲ್ಲ, ಲೈಟು ಕೆಲಸ ಮಾಡದ ಜಾಗ ಅದೊಂದು.

ಪ್ರಶ್ನೆ: ನಿಮ್ಮ ಅಂಕಣ ಓದ್ತಾ ಬಂದಿದೀನಿ, ಒಂದು ಸಿಟ್ಟಿದೆ. ಯಾವಾಗ್ಲೂ ಸೈಕಲ್‌ನವರಿಗೇ ಉಪದೇಶ. ಜಾಕೆಟ್ ಹಾಕು, ಪಟ್ಟಿ ಕಟ್ಟು, ಲೈಟ್ ಹಚ್ಚು. ಗುದ್ದೋನು ನೋಡ್ಕೊಂಡು ಓಡಿಸ್ಬೇಕು ತಾನೇ?

ಉತ್ತರ: ಸಿಟ್ಟು ಸರಿಯಾಗೇ ಇದೆ. ಟನ್ನುಗಟ್ಟಲೆ ತೂಕದ ಗಾಡಿ ಓಡಿಸೋರದ್ದೇ ದೊಡ್ಡ ಜವಾಬ್ದಾರಿ, ಕಾಣದಷ್ಟು ಕತ್ತಲಿದ್ರೆ ಕಾಣೋಷ್ಟಕ್ಕೆ ತಕ್ಕ ಸ್ಪೀಡಲ್ಲಿ ಹೋಗ್ಬೇಕು. "ಕಾಣ್ಲಿಲ್ಲ" ಅನ್ನೋದು ತುಂಬಾ ಸಲ "ನೋಡ್ಲಿಲ್ಲ" ಅನ್ನೋದರ ಸಭ್ಯ ರೂಪ. ಮೊದಲ ಪತ್ರದವರಿಗೆ ಅವರು ಸುಳ್ಳು ಹೇಳ್ತಿಲ್ಲ ಅಂದೆ, ತಪ್ಪಿಲ್ಲ ಅಂತ ಹೇಳ್ಲಿಲ್ಲ. 60ರಲ್ಲಿ 45 ಮೀಟರ್ ಅಂದೆನಲ್ಲ, 40ರಲ್ಲಿ ಹೋದ್ರೆ 25 ಮೀಟರಿಗೆ ನಿಲ್ಲುತ್ತೆ, ಕಪ್ಪು ಬಟ್ಟೆಯವನೂ ಉಳ್ಕೋತಾನೆ. ಯಾವ ಜಾಕೆಟ್ಟಿಗೂ ಇಷ್ಟು ಶಕ್ತಿ ಇಲ್ಲ.

ಆದ್ರೂ ನಾನು ಪಟ್ಟಿ ಕಟ್ಟು ಅನ್ನೋದು ಬಿಡಲ್ಲ, ಯಾಕಂದ್ರೆ ಈ ಅಂಕಣ ಓದ್ತಿರೋದು ನೀವು, ಅವರಲ್ಲ. ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆನೂ ಇದೆ. ಡೆನ್ಮಾರ್ಕಲ್ಲೇ 6,793 ಜನರ ಮೇಲೆ ಇನ್ನೊಂದು ಪ್ರಯೋಗ ಮಾಡಿದ್ರು, 2018ರಲ್ಲಿ ಪ್ರಕಟ ಆಯ್ತು, ಅರ್ಧದಷ್ಟು ಜನಕ್ಕೆ ಹಳದಿ ಜಾಕೆಟ್, ಮಿಕ್ಕವರಿಗೆ ಇಲ್ಲ. ಜಾಕೆಟ್ ಗುಂಪಲ್ಲಿ ಬೇರೆಯವರ ಜೊತೆಗಿನ ಗಾಯದ ಅಪಘಾತ 47 ಶೇಕಡಾ ಕಮ್ಮಿ. ಇಲ್ಲೊಂದು ತಮಾಷೆ ನೋಡಿ, ಜಾಕೆಟ್ ಗುಂಪಿನವರು ತಾವೇ ಜಾರಿ ಬಿದ್ದಿದ್ದೂ ಕಮ್ಮಿ ಅಂತ ಬರ್ಕೊಟ್ಟಿದ್ರು! ಜಾಕೆಟ್ ಹಾಕಿದ್ರೆ ಜಾರೋದು ಹೇಗ್ ತಪ್ಪುತ್ತೆ? ಜಾಕೆಟ್ ಕೊಟ್ಟಿದಾರೆ ಅಂತ ಬಿದ್ದಿದ್ದನ್ನ ಹೇಳೋಕೆ ಸಂಕೋಚ ಆಗಿರ್ಬೇಕು. ಸಂಶೋಧಕರೇ ಇದನ್ನ ಗಮನಿಸಿ ಆ ಲೆಕ್ಕ ಕಳೆದಾಗ 38ಕ್ಕೆ ಇಳೀತು. 38 ಅಂದ್ರೂ ಸಣ್ಣದಲ್ಲ, ಪೂರ್ತಿ ಕವಚನೂ ಅಲ್ಲ. ನಿಮ್ಮ ಸಿಟ್ಟು ಇಟ್ಕೊಂಡೇ ಪಟ್ಟಿ ಕಟ್ಕೊಳ್ಳಿ, ಎರಡಕ್ಕೂ ಜಾಗ ಇದೆ.

ಪ್ರಶ್ನೆ: ಹಿಂದಿನ ಲೈಟ್ ಸೀಟಿನ ಕೆಳಗೆ ಹಾಕೋದಾ, ಬ್ಯಾಗಿಗೆ ಸಿಕ್ಸೋದಾ?

ಉತ್ತರ: ಸೈಕಲ್ಲಿಗೇ ಹಾಕಿ, ಕ್ಯಾರಿಯರ್ ಹಿಂದೆನೋ ಸೀಟ್ ಕೆಳಗಿನ ಕೊಳವೆಗೋ. ಬ್ಯಾಗಿಗೆ ಸಿಕ್ಸಿದ್ದು ಅಲ್ಲಾಡಿ ಅಲ್ಲಾಡಿ ಆಕಾಶ ನೋಡ್ತಾ ಇರುತ್ತೆ. ಹಾಕಿದ ಮೇಲೆ ನಿಮ್ಮ ಚಳಿಗಾಲದ ಡ್ರೆಸ್ ಹಾಕ್ಕೊಂಡು, ಬ್ಯಾಗ್ ಏರಿಸ್ಕೊಂಡು ಸೈಕಲ್ ಮೇಲೆ ಕೂತು, ಯಾರಿಗಾದ್ರೂ ಹಿಂದೆ ಐವತ್ತು ಹೆಜ್ಜೆ ದೂರ ಹೋಗಿ ನೋಡೋಕೆ ಹೇಳಿ. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಒಂದು ವರ್ಷ ಒಳ್ಳೇ ಟೈಲ್ ಲೈಟ್ ತಗೊಂಡು ದಿನಾ ತಪ್ಪದೆ ಆನ್ ಮಾಡಿ, ಊರಿಗೆಲ್ಲಾ ಬುದ್ಧಿ ಹೇಳ್ಕೊಂಡು ಓಡಾಡಿದೀನಿ, ಚಳಿಗಾಲ ಮುಗಿಯೋಕೆ ಬಂದಾಗ ಹಿಂದೆ ಬರ್ತಿದ್ದ ಗೆಳೆಯ ಒಬ್ಬ ಹೇಳಿದ, "ನಿನ್ನ ಕೋಟಿನ ಅಂಚು ಲೈಟ್ ಮೇಲೆ ಇಳಿಬಿದ್ದಿದೆಯಲ್ಲೋ, ಒಳಗಡೆ ಏನೋ ಕೆಂಪಗೆ ಮಿಣಮಿಣ ಅಂತಿದೆ".